ಗುಲಾಬಿಗೆ ಹಾಕಿದ ಉಪ್ಪು

ನರಸೀಪುರ
4 ನವೆಂಬರ್ 2024

ನಂಜುಂಡ,

ಬಟನ್ ಫೋನಿನಿಂದ ನಿನಗೆ ಐದು ಸಲ ಮಾಡಿದೆ. ನೀನು ಎತ್ತಲಿಲ್ಲ. ಅಂಗಡಿಯಲ್ಲಿ ಜನ ಇರುತ್ತಾರೆ ಎಂದುಕೊಂಡು ಕಾಗದಕ್ಕೆ ಕೂತೆ. ನಮ್ಮ ಬೀದಿಗೆ ಅಂಚೆ ತರುವ ಸಣ್ಣಯ್ಯ ನನ್ನ ಹತ್ತಿರ ಮೂರನೇ ಕ್ಲಾಸು ಓದಿದವನು. ಬಾಗಿಲಿಗೇ ಬಂದು ತೆಗೆದುಕೊಂಡು ಹೋಗುತ್ತೇನೆ ಅಂದಿದ್ದಾನೆ.

ಕಾಲು ಪರವಾಗಿಲ್ಲ. ಎರಡು ಬೆರಳು ತೆಗೆದ ಮೇಲೆ ಪಾದದ ಅಗಲ ಕಡಿಮೆಯಾಗಿ ಚಪ್ಪಲಿ ನಿಲ್ಲುತ್ತಿರಲಿಲ್ಲ. ಈಗ ಆಸ್ಪತ್ರೆಯವರು ಮೆತ್ತನೆಯದೊಂದು ಕೊಟ್ಟಿದ್ದಾರೆ. ಅದನ್ನು ಹಾಕಿಕೊಂಡು ಗೋಡೆ ಹಿಡಿದು ಅಂಗಳದವರೆಗೆ ಹೋಗುತ್ತೇನೆ. ಮಗಳು ಪಲ್ಲವಿ ತಾಲ್ಲೂಕು ಆಫೀಸಿಗೆ, ಅಳಿಯ ರಘು ಬಸ್ ಡಿಪೋಗೆ ಹೋದ ಮೇಲೆ ಸ್ಟೂಲ್ ಹಾಕಿಕೊಂಡು ಗಿಡಗಳ ನಡುವೆ ಕೂತರೆ ಮಧ್ಯಾಹ್ನವಾಗುವುದೇ ಗೊತ್ತಾಗುವುದಿಲ್ಲ. ಹದಿನಾಲ್ಕು ಕುಂಡಗಳಿವೆ. ಗುಲಾಬಿ, ದಾಸವಾಳ, ಮಲ್ಲಿಗೆ, ನಾಲ್ಕರಲ್ಲಿ ಟೊಮೆಟೊ.

ಈಗ ಕೇಳಬೇಕಾದ್ದು ಕೇಳುತ್ತೇನೆ. ಜೂನ್ ತಿಂಗಳಲ್ಲಿ ನನ್ನ ಕಾಲು ಊದಿದಾಗ ನೀನು ಅಂಗಡಿಯಿಂದ ಕೊಟ್ಟ ಎಪ್ಸಮ್ ಸಾಲ್ಟ್ ಎನ್ನುವ ಉಪ್ಪಿನಲ್ಲಿ ಮೂರು ಪ್ಯಾಕೆಟ್ ಹಾಗೇ ಉಳಿದಿವೆ. ಅದನ್ನು ಗಿಡಕ್ಕೆ ಹಾಕಿದರೆ ಎಲೆ ಹಳದಿಯಾಗುವುದು ನಿಲ್ಲುತ್ತದೆ ಎಂದು ಹಿಂದೊಮ್ಮೆ ಮೊಬೈಲಿನಲ್ಲಿ ನೋಡಿದ ನೆನಪು. ಎಷ್ಟು ಚಮಚ ಎಂಬುದು ಮರೆತಿದೆ. ಮತ್ತೆ ನೋಡೋಣವೆಂದರೆ ಆ ಮೊಬೈಲು ಪಲ್ಲವಿಯ ಬೀರುವಿನಲ್ಲಿದೆ. ನೀನು ಔಷಧಿ ಓದಿದವನು. ಒಂದು ಕುಂಡಕ್ಕೆ ಎಷ್ಟು ಹಾಕಲಿ?

ಗೌರಿ ಹಬ್ಬಕ್ಕೆ ನೀನು ಹೆಂಡತಿ ಪವಿತ್ರಳ ಕೈಯಲ್ಲಿ ಸೀರೆ ಕಳಿಸಿದ್ದೆ. ಬಣ್ಣ ಚೆನ್ನಾಗಿದೆ. ದೀಪಾವಳಿಗೂ ಅವಳೊಬ್ಬಳೇ ಬಂದಳು.

ಅಕ್ಕ

*

ನಂಜನಗೂಡು
14 ನವೆಂಬರ್ 2024

ಅಕ್ಕನಿಗೆ,

ಕಾಗದ ತಲುಪಿತು. ಅಂಗಡಿಯಲ್ಲಿ ಹುಡುಗಿ ಕೆಲಸ ಬಿಟ್ಟಿದ್ದರಿಂದ ನಾನೊಬ್ಬನೇ ಆಗಿದ್ದೇನೆ. ಬರಲಾಗಲಿಲ್ಲ.

ಆ ಪ್ಯಾಕೆಟ್‌ಗಳನ್ನು ದಯವಿಟ್ಟು ಎಸೆದುಬಿಡು. ಮನೆಯಲ್ಲಿ ಇಟ್ಟುಕೊಳ್ಳಬೇಡ. ಗಿಡದ ವಿಚಾರ ನನಗೆ ಗೊತ್ತಿಲ್ಲ. ಕೃಷಿ ಇಲಾಖೆಯವರನ್ನು ಯಾರಾದರೂ ಕೇಳಿ ಹೇಳಲಿ.

ಸಕ್ಕರೆ ಕಾಯಿಲೆಯ ಮಾತ್ರೆ ರಘು ಕೈಯಲ್ಲಿ ಕಳಿಸಿದ್ದೇನೆ. ಬೆಳಿಗ್ಗೆ ಒಂದು, ರಾತ್ರಿ ಒಂದು. ಡಾಕ್ಟರ ಚೀಟಿಯನ್ನು ಎರಡು ಸಲ ನೋಡಿಯೇ ಕೊಟ್ಟಿದ್ದೇನೆ.

ನಂಜುಂಡಸ್ವಾಮಿ

*

ನರಸೀಪುರ
2 ಡಿಸೆಂಬರ್ 2024

ನಂಜುಂಡ,

ಅಕ್ಕನಿಗೆ ಬರೆಯುವ ಕಾಗದದಲ್ಲಿ ಬಿಲ್ಲಿಗೆ ಹಾಕುವಂತೆ ಪೂರ್ತಿ ಹೆಸರು ಹಾಕಿದ್ದೀಯಲ್ಲ. ತಗಡೂರಿನ ಶಾಲೆಯಲ್ಲಿ ನಿನಗೆ ಸ್ಲೇಟು ಹಿಡಿಸಿದವಳು ನಾನು. ನನಗೆ ನಂಜುಂಡ ಸಾಕು.

ಪ್ಯಾಕೆಟ್ ಎಸೆಯಲಿಲ್ಲ. ನೀರಿನ ತೊಟ್ಟಿಯ ಹಿಂದೆ ಪ್ಲಾಸ್ಟಿಕ್ ಡಬ್ಬದಲ್ಲಿ ಇಟ್ಟಿದ್ದೇನೆ. ಪಲ್ಲವಿ ನೋಡಿದರೆ ರಂಪ ಮಾಡುತ್ತಾಳೆ. ಆಸ್ಪತ್ರೆಯಿಂದ ಬಂದ ದಿನವೇ ಮೊಬೈಲು ಕಿತ್ತುಕೊಂಡಳು. "ಇನ್ನು ಯೂಟ್ಯೂಬ್ ಡಾಕ್ಟ್ರು ಸಾಕು ಕಣಮ್ಮ ನಿಂಗೆ, ಎರಡ್ ಬೆರಳು ಓಗಿದ್ದು ಸಾಲ್ದಾ?" ಅಂದಳು. ಅವಳ ಸಿಟ್ಟು ನನಗೆ ಅರ್ಥವಾಗುತ್ತದೆ. ರಜೆ ಹಾಕಿ ಇಪ್ಪತ್ತೊಂದು ದಿನ ವಾರ್ಡಿನ ನೆಲದ ಮೇಲೆ ಮಲಗಿದ್ದವಳು ಅವಳು. ಈಗ ಬಂದ ನೆಂಟರಿಗೆಲ್ಲ ಇದೇ ಕಥೆ. ಕಾಫಿ ಕೊಡುತ್ತಾ, "ಟೀಚರ್ ಆಗಿದ್ದೋರೇ ಮೊಬೈಲ್ ನೋಡ್ಕೊಂಡು ಕಾಲು ಸುಟ್ಕೊಂಡ್ರೆ, ಓದ್ದೇ ಇರೋರ್ ಗತಿ ಏನು" ಅನ್ನುತ್ತಾಳೆ. ಅವರು ನನ್ನ ಪಾದ ನೋಡಿ ತಲೆಯಾಡಿಸುತ್ತಾರೆ. ನಾನು ಗಿಡ ನೋಡುತ್ತೇನೆ.

ನೀನು ಲೆಕ್ಕ ಹೇಳಲಿಲ್ಲ. ಇಲಾಖೆಯವರನ್ನು ಕೇಳಲು ನನಗೆ ನಡೆಯಲಾಗುವುದಿಲ್ಲ. ಅದಕ್ಕೇ ನಾನೇ ಅಂದಾಜಿನಲ್ಲಿ ಹಾಕಿದೆ. ಗುಲಾಬಿಗೆ ಒಂದು ಚಮಚ ನೀರಿನಲ್ಲಿ ಕದಡಿ ಬುಡಕ್ಕೆ ಹಾಕಿದೆ. ಟೊಮೆಟೊ ಸೊರಗಿದಂತಿತ್ತು, ಅದಕ್ಕೆ ಮೂರು ಮೂರು ಚಮಚ, ವಾರಕ್ಕೊಂದು ಸಲ. ಏನಾಗುತ್ತದೋ ನೋಡಿ ಬರೆಯುತ್ತೇನೆ.

ಅಕ್ಕ

*

ನರಸೀಪುರ
6 ಜನವರಿ 2025

ನಂಜುಂಡ,

ತಿಂಗಳಾಯಿತು, ನಿನ್ನಿಂದ ಎರಡು ಸಾಲಿಲ್ಲ. ಸಣ್ಣಯ್ಯ ಗೇಟಿನ ಹತ್ತಿರ ಬಂದಾಗಲೆಲ್ಲ ಕೈ ಅಲ್ಲಾಡಿಸಿ, "ಇಲ್ಲ ಕಣ್ ಮೇಡಮ್ಮು" ಅಂದು ಹೋಗುತ್ತಾನೆ.

ಗುಲಾಬಿ ಚೆನ್ನಾಗಿದೆ. ಕೆಳಗಿನ ಎಲೆಗಳು ಹಳದಿಯಾಗುವುದು ನಿಂತು ಹೊಸ ಚಿಗುರು ಬಂದಿದೆ. ಮೂರು ಮೊಗ್ಗಿವೆ. ಟೊಮೆಟೊ ಮಾತ್ರ ಕೆಟ್ಟಿತು. ಕಾಯಿ ನಿಂಬೆಹಣ್ಣಿನಷ್ಟಾಗುವಾಗಲೇ ತಳ ಕಪ್ಪಾಗಿ, ಒತ್ತಿದರೆ ಒಳಗೆ ಕುಳಿ ಬೀಳುತ್ತದೆ. ಮೇಲಿಂದ ನೋಡಿದರೆ ಏನೂ ಇಲ್ಲ, ತಿರುಗಿಸಿದರೆ ಕಪ್ಪು. ನಾನು ಹಾಕಿದ ಉಪ್ಪಿನದೇ ತಪ್ಪೋ, ಬೇರೆ ರೋಗವೋ ಗೊತ್ತಿಲ್ಲ. ಎರಡು ಕಾಯಿ ಮತ್ತು ಗುಲಾಬಿಯಲ್ಲಿ ಮೊದಲು ಹಳದಿಯಾಗಿದ್ದ ಒಂದು ಎಲೆ ಕವರಿನಲ್ಲಿ ಹಾಕಿ ರಘು ಕೈಯಲ್ಲಿ ಕಳಿಸಿದ್ದೇನೆ. ಅಂಗಡಿಗೆ ತಂದುಕೊಡುತ್ತಾನೆ. ಯಾರಿಗಾದರೂ ತೋರಿಸು. ಇಷ್ಟು ಮಾಡು.

ಸಂಕ್ರಾಂತಿಗೆ ಎಳ್ಳು ಬೀರಲು ಮನೆಮನೆಗೆ ಹೋಗಲು ನನಗಾಗುವುದಿಲ್ಲ. ನೀನಾದರೂ ಬಾ.

ಅಕ್ಕ

*

ನಂಜನಗೂಡು
21 ಜನವರಿ 2025

ಅಕ್ಕ,

ಹಬ್ಬಕ್ಕೆ ಬರಲಿಲ್ಲ. ಬಸ್ ಸ್ಟ್ಯಾಂಡಿನವರೆಗೆ ಬಂದಿದ್ದೆ. ನರಸೀಪುರದ ಬಸ್ಸು ನಿಂತಿತ್ತು. ಕಬ್ಬಿನ ಜಲ್ಲೆ ಕೈಯಲ್ಲಿ ಹಿಡಿದುಕೊಂಡೇ ನಿಂತಿದ್ದೆ, ಅದು ಹೊರಟಿತು. ಮುಂದಿನದಕ್ಕೂ ಹತ್ತಲಿಲ್ಲ. ಮನೆಗೆ ವಾಪಸ್ ಬಂದು ಪವಿತ್ರಳಿಗೆ ಬಸ್ಸು ಸಿಗಲಿಲ್ಲ ಅಂದೆ.

ನಿನ್ನ ಕಾಯಿ, ಎಲೆ ನಾಲ್ಕು ದಿನ ಕೌಂಟರಿನ ಕೆಳಗೇ ಇದ್ದವು. ಆಮೇಲೆ ಕೃಷಿ ಇಲಾಖೆಯ ಸೋಮಶೇಖರ್ ಎನ್ನುವವರ ಹತ್ತಿರ ತೆಗೆದುಕೊಂಡು ಹೋದೆ. ಬಿಪಿ ಮಾತ್ರೆಗೆ ನಮ್ಮ ಅಂಗಡಿಗೆ ಬರುವವರು. "ಇದಕ್ಕೆ ಎಪ್ಸಮ್ ಸಾಲ್ಟ್ ಎಷ್ಟು ಹಾಕಬೇಕು ಹೇಳಿ ಸಾ, ಬರ್ಕೊಂಡು ಓಯ್ತೀನಿ" ಅಂದೆ. ಅವರು ಹೇಳಲಿಲ್ಲ. ಕುರ್ಚಿ ತೋರಿಸಿ ಕೂರಿಸಿಕೊಂಡರು.

"ಹಳದಿಯಾಗಿರೋದು ಕೆಳಗಿನ ಎಲೆನಾ, ಮೇಲಿನ್ದಾ?" ಅಂತ ಕೇಳಿದರು. "ಎಲೆ ಹಳದಿಯಾದ್ರೂ ನರ ಹಸಿರಾಗೇ ಅದಾ?" ಅಂದರು. ಮಣ್ಣು ಎಲ್ಲಿಯದು, ಕುಂಡದ ತಳಕ್ಕೆ ತೂತಿದೆಯೋ ಇಲ್ಲವೋ, ನೀರು ನಿಲ್ಲುತ್ತದೋ ಇಳಿಯುತ್ತದೋ, ಮೊದಲು ಯಾವ ಗೊಬ್ಬರ ಹಾಕಿದ್ದರು, ಎಷ್ಟು ದಿನದಿಂದ ಹೀಗಿದೆ. ಕೆಳಗಿನ ಎಲೆ ಅಂದೆ, ಮಿಕ್ಕಿದ್ದಕ್ಕೆಲ್ಲ "ಅಕ್ಕನ್ನ ಕೇಳ್ಬೇಕು ಸಾ" ಅಂದೆ. ಆಗ ಅವರು ನಕ್ಕು, "ಏನ್ ಸ್ವಾಮಿ, ಗಿಡದ್ ಸಮಾಚಾರ ಏನೂ ತಿಳ್ಕೊಳ್ದೆ ಔಷ್ದಿ ಕೇಳ್ತೀರಲ್ಲ. ಮೆಡಿಕಲ್ ಸ್ಟೋರ್ನೋರು ನೀವೇ ಇಂಗಂದ್ರೆ?" ಅಂದರು.

ತಮಾಷೆಗೆ ಅಂದದ್ದು. ನನಗೆ ಅಲ್ಲಿ ಕೂರಲಾಗಲಿಲ್ಲ.

ಮೊದಲು ಅವರು ಹೇಳಿದ್ದನ್ನು ಬರೆಯುತ್ತೇನೆ. ಗುಲಾಬಿಯ ಎಲೆಗೆ ಮೆಗ್ನೀಷಿಯಂ ಕಡಿಮೆಯಾಗಿತ್ತು. ಈ ಉಪ್ಪಿನಲ್ಲಿ ಅದೇ ಇರುವುದರಿಂದ ಅದಕ್ಕೆ ಒಗ್ಗಿದೆ. ಒಂದು ಲೀಟರ್ ನೀರಿಗೆ ಒಂದು ಟೀ ಚಮಚ, ತಿಂಗಳಿಗೆ ಒಂದು ಸಲ ಸಾಕು. ಟೊಮೆಟೊಗೆ ಬೇಕಿದ್ದದ್ದು ಸುಣ್ಣದ ಅಂಶ. ಉಪ್ಪು ಹೆಚ್ಚಾದರೆ ಇದ್ದಷ್ಟು ಸುಣ್ಣವನ್ನೂ ಬೇರು ಎಳೆದುಕೊಳ್ಳಲಾಗುವುದಿಲ್ಲ, ಕಾಯಿಯ ತಳ ಕಪ್ಪಾಗುತ್ತದೆ. ಅದಕ್ಕೆ ಹಾಕುವುದನ್ನು ಪೂರ್ತಿ ನಿಲ್ಲಿಸು. ಒಂದೆರಡು ಸಲ ಕುಂಡದ ತಳದಿಂದ ಹರಿದುಹೋಗುವಷ್ಟು ಸಿಹಿನೀರು ಹಾಕು. ಕಪ್ಪಾದ ಕಾಯಿಗಳನ್ನು ಕಿತ್ತು ಹಾಕು.

ಅಕ್ಕ, ಒಂದು ಗುಲಾಬಿ ಗಿಡಕ್ಕೆ ಒಂದು ಚಮಚ ಕೊಡುವ ಮೊದಲು ಅವರು ಅಷ್ಟೊಂದು ಪ್ರಶ್ನೆ ಕೇಳಿದರು. ನಿನಗೆ ನಾನು ಒಂದನ್ನೂ ಕೇಳಲಿಲ್ಲ. ಹನ್ನೊಂದು ವರ್ಷದಿಂದ ನಿನ್ನ ಸಕ್ಕರೆ ಮಾತ್ರೆ ಕೊಡುತ್ತಿರುವವನು ನಾನು. ಪಾದ ಜೋಮು ಹಿಡಿದಿದೆಯಾ, ಚಪ್ಪಲಿ ಜಾರಿದರೆ ಗೊತ್ತಾಗುತ್ತದಾ, ಇಷ್ಟು ಕೇಳಿದ್ದರೆ ಸಾಕಿತ್ತು. ಜೂನ್‌ನಲ್ಲಿ ನೀನು ಊದಿದ ಕಾಲು ತೋರಿಸಲು ಅಂಗಡಿಗೆ ಬಂದಾಗ ಸಂಜೆ ಹೊತ್ತು, ಕೌಂಟರಿನಲ್ಲಿ ಏಳೆಂಟು ಜನ. ನಾಲ್ಕು ಪ್ಯಾಕೆಟ್ ಕವರಿಗೆ ಹಾಕಿ, "ಬಿಸಿನೀರಿಗೆ ಆಕಿ ಅರ್ಧ ಗಂಟೆ ಕಾಲಿಟ್ಕೊ, ಊತ ಇಳೀತದೆ" ಅಂದೆ. ಮೂರನೇ ದಿನ ನೀನು ಫೋನ್ ಮಾಡಿದೆ. "ಪಾದ ಕೆಂಪಗಾಗ್ಬುಟ್ಟದೆ ಕಣೋ, ಆದ್ರೆ ನೋವೇ ಇಲ್ಲ" ಅಂದೆ. ಸಕ್ಕರೆ ಕಾಯಿಲೆಯಲ್ಲಿ ನೋವೇ ಇಲ್ಲ ಅನ್ನುವುದೇ ದೊಡ್ಡ ಅಪಾಯ ಎಂದು ಓದಿದವನು ನಾನು. ಒಬ್ಬರಿಗೆ ಚಿಲ್ಲರೆ ಎಣಿಸುತ್ತಾ, "ನೋವಿಲ್ಲ ಅಂದ್ಮೇಲೆ ಏನೂ ಇಲ್ಲ ಬುಡಕ್ಕ, ಇನ್ನೊಂದ್ ನಾಕ್ ದಿನ ಮಾಡು" ಅಂದೆ. ನೀನು ಮಾಡಿದೆ.

ಇದು ತಪ್ಪು. ಆದರೆ ನಾನು ನಿನ್ನ ಮುಖ ನೋಡಲಾಗದಿರುವುದು ಇದಕ್ಕಲ್ಲ. ಮೈಸೂರಿನ ಆಸ್ಪತ್ರೆಯಲ್ಲಿ ಡಾಕ್ಟರು, "ಸಕ್ಕರೆ ಕಾಯಿಲೆಯವರು ಸುಡೋ ನೀರಲ್ಲಿ ಕಾಲಿಡೋದಾ? ಯಾರ್ರೀ ಹೇಳಿದ್ದು?" ಅಂತ ಗದರಿದರಲ್ಲ, ಆಗ ಪಲ್ಲವಿ ನನ್ನ ಪಕ್ಕದಲ್ಲೇ ಇದ್ದಳು. ನಾನೇ ನಡುವೆ ಬಾಯಿ ಹಾಕಿದೆ. "ಯೂಟ್ಯೂಬ್ ನೋಡ್ಕೊಂಡು ಅವರೇ ಮಾಡ್ಕೊಂಡವ್ರೆ ಸಾ" ಅಂದೆ. ಉಪ್ಪು ಮಾತ್ರ ನನ್ನ ಅಂಗಡಿಯದು, ಅದನ್ನೂ ನೀನು ಗಿಡಕ್ಕೆಂದು ಕೇಳಿ ತೆಗೆದುಕೊಂಡು ಹೋದೆ ಎಂದೆ. ಅದನ್ನು ಎಲ್ಲಿಂದ ಕಟ್ಟಿದೆನೋ ನನಗೇ ಗೊತ್ತಿಲ್ಲ. ನೀನು ಸ್ಟ್ರೆಚರ್ ಮೇಲಿಂದ ನನ್ನನ್ನೇ ನೋಡಿದೆ. ಆಮೇಲೆ ಡಾಕ್ಟರ ಕಡೆ ತಿರುಗಿ, "ಹೂಂ" ಅಂದೆ.

ಆ ಹೂಂ ಈಗಲೂ ನನ್ನ ಕಿವಿಯಲ್ಲಿದೆ.

ನಂಜುಂಡ

*

ನರಸೀಪುರ
29 ಜನವರಿ 2025

ನಂಜುಂಡ,

ಇಂಥದ್ದನ್ನೆಲ್ಲ ಕಾಗದದಲ್ಲಿ ಬರೆಯಬೇಡ. ಪಲ್ಲವಿ ಕೈಗೆ ಸಿಕ್ಕರೆ ಏನು ಮಾಡುತ್ತೀಯ? ಓದಿ ಅಕ್ಕಿ ಡಬ್ಬದ ಕೆಳಗಿಟ್ಟಿದ್ದೇನೆ.

ಟೊಮೆಟೊಗೆ ನಿಲ್ಲಿಸಿದೆ. ಸೋಮಶೇಖರ್ ಅವರಿಗೆ ನನ್ನ ನಮಸ್ಕಾರ ಹೇಳು.

ನೀನು ಕೇಳಲಿಲ್ಲ, ಆದರೂ ಹೇಳುತ್ತೇನೆ, ನಾನೇಕೆ ಹೂಂ ಅಂದೆ ಎಂದು. ಊರಿಗೆಲ್ಲ ಔಷಧಿ ಕೊಡುವವನು, ಸ್ವಂತ ಅಕ್ಕನ ಕಾಲು ಕಳೆದ ಎಂದಾದರೆ ನಿನ್ನ ಅಂಗಡಿಗೆ ಯಾರು ಬರುತ್ತಾರೆ? ಪವಿತ್ರಳ ಮುಂದೆ, ಮಕ್ಕಳ ಮುಂದೆ ನೀನು ಹೇಗೆ ನಿಲ್ಲುತ್ತೀಯ? ಆ ಗಳಿಗೆಯಲ್ಲಿ ನನಗೆ ತೋಚಿದ್ದು ಅಷ್ಟೇ. ಒಂದು ದಿನಕ್ಕೆ ಅಂದ ಹೂಂ ಅದು. ನೀನು ಆಚೆ ಹೋಗಿ ಸ್ವಲ್ಪ ಸುಧಾರಿಸಿಕೊಂಡು ಬಂದು, ಪಲ್ಲವಿಗಾದರೂ ನಿಜ ಹೇಳುತ್ತೀಯ ಎಂದುಕೊಂಡಿದ್ದೆ. ನೀನು ಹೋಗಿ ಟೀ ತಂದೆ. "ಸಕ್ರೆ ಆಕ್ಸಿಲ್ಲ ಅಕ್ಕ" ಅಂದೆ. ಕೈಗೆ ಕೊಟ್ಟು ಹೊರಟುಹೋದೆ. ಆಮೇಲೆ ನೀನು ಬರಲೇ ಇಲ್ಲ.

ಮುಗಿದುಹೋದದ್ದು. ಈಗ ಹೇಳಿದರೆ ಬೆರಳು ಬರುವುದಿಲ್ಲ. ಪಲ್ಲವಿಗೆ ನೀನು ಒಬ್ಬನೇ ಸೋದರಮಾವ. ಅದನ್ನು ಕೆಡಿಸಿಕೊಳ್ಳಬೇಡ. ಸುಮ್ಮನೆ ಒಂದು ದಿನ ಬಂದು ಹೋಗು, ಸಾಕು.

ಅಕ್ಕ

*

ನಂಜನಗೂಡು
10 ಫೆಬ್ರವರಿ 2025

ಪಲ್ಲವಿಗೆ,

ನಿನ್ನ ಮಾವ ನಂಜುಂಡಸ್ವಾಮಿ ಬರೆಯುತ್ತಿದ್ದೇನೆ. ಫೋನಿನಲ್ಲಿ ಹೇಳಲು ಮೂರು ಸಲ ಪ್ರಯತ್ನಪಟ್ಟೆ. ನೀನು "ಏನ್ ಸಮಾಚಾರ, ಏಳಿ ಮಾವ" ಅಂದ ಕೂಡಲೇ ಬೇರೆ ಏನೋ ಮಾತಾಡಿ ಇಟ್ಟುಬಿಟ್ಟೆ. ಅದಕ್ಕೇ ನಿನ್ನ ಆಫೀಸಿನ ವಿಳಾಸಕ್ಕೆ ಕಾಗದ ಹಾಕುತ್ತಿದ್ದೇನೆ. ನಿನ್ನ ಅಮ್ಮ ಬೇಡವೆಂದಿದ್ದಾಳೆ. ಅವಳ ಮಾತು ಮೀರಿ ಬರೆಯುತ್ತಿದ್ದೇನೆ.

ನಿನ್ನ ಅಮ್ಮ ಯಾವ ಯೂಟ್ಯೂಬೂ ನೋಡಿ ಬಿಸಿನೀರಿನಲ್ಲಿ ಕಾಲಿಡಲಿಲ್ಲ. ಹಾಗೆ ಮಾಡಲು ಹೇಳಿದವನು ನಾನು. ಉಪ್ಪಿನ ಪ್ಯಾಕೆಟ್ ಗಿಡಕ್ಕೆಂದು ಅವಳು ಕೇಳಲಿಲ್ಲ, ಕಾಲಿಗೆಂದು ನಾನೇ ಕೊಟ್ಟೆ. ಪಾದ ಕೆಂಪಗಾಗಿದೆ ಎಂದು ಅವಳು ಫೋನ್ ಮಾಡಿ ಕೇಳಿದಳು. ಇನ್ನೂ ನಾಲ್ಕು ದಿನ ಮಾಡು ಎಂದವನೂ ನಾನೇ. ಡಾಕ್ಟರ ಮುಂದೆ ನಿನ್ನ ಎದುರಿನಲ್ಲಿ ನಾನು ಹೇಳಿದ್ದು ಸುಳ್ಳು. ಅವಳು ನನ್ನನ್ನು ಉಳಿಸಲು ಹೂಂ ಅಂದಳು.

ನಿನ್ನೆ ರಾತ್ರಿ ಪವಿತ್ರಳಿಗೂ ಹೇಳಿದೆ. ಅವಳು ಎದ್ದು ಹೋಗಿ ಮಕ್ಕಳ ಹತ್ತಿರ ಮಲಗಿದಳು. ಇವತ್ತು ಬೆಳಿಗ್ಗೆಯಿಂದ ನನ್ನ ಜೊತೆ ಮಾತಾಡಿಲ್ಲ.

ಅಮ್ಮನ ಮೊಬೈಲು ಅಮ್ಮನಿಗೆ ಕೊಡು. ನನಗೆ ಏನು ಅನ್ನಬೇಕೋ ಅನ್ನು.

ನಿನ್ನ ಮಾವ

*

ನರಸೀಪುರ
23 ಫೆಬ್ರವರಿ 2025

ಮಾವನವರಿಗೆ,

ನಿಮ್ಮ ಕಾಗದ ಆಫೀಸಿನಲ್ಲಿ ಓದಿದೆ. ಎದುರಿಗೆ ಜಾತಿ ಸರ್ಟಿಫಿಕೇಟಿಗೆ ಬಂದ ಜನ ನಿಂತಿದ್ದರು. ಎರಡು ಅರ್ಜಿಗೆ ತಪ್ಪು ಸೀಲು ಒತ್ತಿದೆ. ಹನ್ನೆರಡು ದಿನ ಉತ್ತರ ಬರೆಯಲಿಲ್ಲ. ಬರೆದದ್ದನ್ನೆಲ್ಲ ಹರಿದು ಹಾಕಿದೆ.

ಅವತ್ತು ಸಂಜೆ ಮನೆಗೆ ಹೋದಾಗ ಅಮ್ಮ ಅಂಗಳದಲ್ಲಿ ಸ್ಟೂಲ್ ಮೇಲೆ ಕೂತು ದಾಸವಾಳದ ಒಣಗಿದ ಕಡ್ಡಿ ಕತ್ತರಿಸುತ್ತಿದ್ದರು. "ಮಾವ ಕಾಗದ ಬರ್ದವ್ರೆ" ಅಂದೆ. ಕತ್ತರಿ ಕೆಳಗಿಟ್ಟು, "ಅವನ್ನ ಬಯ್ಬೇಡ ಕಣವ್ವ" ಅಂದರು. ನಾನಿನ್ನೂ ಏನು ಬರೆದಿದ್ದೀರೆಂದು ಹೇಳಿಯೇ ಇರಲಿಲ್ಲ.

ಬೀರುವಿನಿಂದ ಮೊಬೈಲ್ ತಂದು ಕೈಗೆ ಕೊಟ್ಟೆ. ಅವರು ಅದನ್ನು ಸೆರಗಿನಲ್ಲಿ ಒರೆಸುತ್ತಾ ಕೂತರು. ಇದ್ದಕ್ಕಿದ್ದಂತೆ ಅವರಿಗೆ ಅಳು ಬಂತು. ಬೆರಳು ತೆಗೆದ ದಿನವೂ ಅತ್ತವರಲ್ಲ. "ಮೂವತ್ತಾರು ವರ್ಸ ಪಾಠ ಏಳ್ದೋಳು ನಾನು. ಬಂದೋರ್ ಮುಂದೆಲ್ಲಾ ನನ್ನ ದಡ್ಡಿ ಮಾಡ್ದಲ್ಲೇ. ಒಂದಿನ, ಒಂದೇ ಒಂದಿನ, ಅಮ್ಮ ನಿಜ್ವಾಗ್ಲೂ ಏನಾಯ್ತು ಅಂತ ಕೇಳಿದ್ಯಾ ನೀನು?" ಅಂದರು.

ನಾನು ಕೇಳಿರಲಿಲ್ಲ, ಮಾವ. ನೀವು ಹೇಳಿದ್ದು ನನಗೂ ಅನುಕೂಲವಾಗಿತ್ತು. ಅಮ್ಮನ ಪಾದ ಕೆಂಪಾಗಿದ್ದ ಆ ವಾರವೆಲ್ಲ ನಾನು ಅದೇ ಮನೆಯಲ್ಲಿದ್ದೆ. ಅಮ್ಮ ಸಾಕ್ಸ್ ಹಾಕಿಕೊಂಡು ಓಡಾಡುತ್ತಿದ್ದದ್ದು ನೋಡಿದ್ದೆ. ಜೂನ್ ತಿಂಗಳಲ್ಲಿ ಯಾಕೆ ಸಾಕ್ಸ್ ಎಂದು ಒಂದು ಮಾತು ಕೇಳಲಿಲ್ಲ. ಅಮ್ಮನೇ ತಪ್ಪು ಮಾಡಿಕೊಂಡರು ಎಂದಾದರೆ ನಾನು ನೋಡದೇ ಹೋದದ್ದು ತಪ್ಪಾಗುವುದಿಲ್ಲವಲ್ಲ. ಅದಕ್ಕೇ ಅಷ್ಟು ಜೋರಾಗಿ ಎಲ್ಲರಿಗೂ ಹೇಳುತ್ತಿದ್ದೆನೋ ಏನೋ.

ನಾನು ಹೇಳಿದ ಮನೆಗಳಿಗೆಲ್ಲ ಈಗ ಹೋಗಿ ಸರಿಮಾಡಿ ಹೇಳುತ್ತಿದ್ದೇನೆ. ನಾಲ್ಕು ಮನೆ ಆಯಿತು. ನಿಮ್ಮ ಹೆಸರು ಹೇಳದೆ ಅದನ್ನು ಹೇಳಲು ಬರುವುದಿಲ್ಲ.

ನೀವು ಸದ್ಯಕ್ಕೆ ಬರಬೇಡಿ. ಬಂದರೆ ನಾನು ಏನನ್ನುತ್ತೇನೋ ನನಗೇ ಗೊತ್ತಿಲ್ಲ.

ಪಲ್ಲವಿ

*

ನರಸೀಪುರ
3 ಮಾರ್ಚ್ 2025

ನಂಜುಂಡ,

ಮೊಬೈಲು ವಾಪಸ್ ಬಂದಿದೆ. ಆದರೂ ಇದನ್ನು ಕಾಗದದಲ್ಲೇ ಬರೆಯುತ್ತೇನೆ. ಬರೆದರೆ ನೀನು ನಡುವೆ ಬಾಯಿ ಹಾಕುವುದಿಲ್ಲ.

ನಾನು ಬೇಡವೆಂದರೂ ನೀನು ಪಲ್ಲವಿಗೆ ಬರೆದೆ. ಮೊದಲ ದಿನ ನಿನ್ನ ಮೇಲೆ ಮರುಕ ಬಂತು. ಎರಡನೇ ದಿನದಿಂದ ಸಿಟ್ಟು ಬಂದಿದೆ. ಎಂಟು ತಿಂಗಳು ತಡವಾಗಿ ಬಂದ ಸಿಟ್ಟು, ಇನ್ನೂ ಇಳಿದಿಲ್ಲ. ಬೆರಳು ಹೋದದ್ದಕ್ಕಲ್ಲ. ನಿನಗೆ ಗೊತ್ತಿಲ್ಲದೆ ಆಯಿತು, ಅದನ್ನು ನಾನು ಆಸ್ಪತ್ರೆಯಲ್ಲೇ ನುಂಗಿಕೊಂಡೆ. ಆದರೆ ನನ್ನ ಮಗಳು ನನ್ನನ್ನು ಏನೂ ತಿಳಿಯದವಳೆಂದು ಬಯ್ಯುತ್ತಿದ್ದಾಳೆ ಎಂದು ನಾನು ಡಿಸೆಂಬರಿನಲ್ಲೇ ನಿನಗೆ ಬರೆದಿದ್ದೆ. ಅದನ್ನು ಓದಿಯೂ ನೀನು ಒಂದೂವರೆ ತಿಂಗಳು ಸುಮ್ಮನಿದ್ದೆ. ಅದಕ್ಕೆ ಈ ಸಿಟ್ಟು.

ಪಲ್ಲವಿ ಬರಬೇಡ ಎಂದು ಬರೆದಿದ್ದಾಳಂತೆ. ಅದು ಅವಳ ಮಾತು. ನಾನು ಬಾ ಅನ್ನುತ್ತೇನೆ. ಎಲ್ಲ ಸರಿಹೋಯಿತು ಎಂದುಕೊಂಡು ಬರಬೇಡ. ಗಾಯದ ಒಂದು ಮೂಲೆ ಇನ್ನೂ ಕೂಡಿಲ್ಲ. ಪ್ರತಿ ಗುರುವಾರ ಡ್ರೆಸ್ಸಿಂಗ್. ಹದಿಮೂರನೇ ತಾರೀಕು ಗುರುವಾರ ಬೆಳಿಗ್ಗೆ ಬಾ. ನನ್ನ ಜೊತೆ ಆಸ್ಪತ್ರೆಗೆ ಬಂದು, ಬಟ್ಟೆ ಬಿಚ್ಚುವಾಗ ಪಕ್ಕದಲ್ಲಿ ನಿಂತು ನೋಡು. ನೀನು ಇನ್ನೂ ಒಂದು ಸಲವೂ ನೋಡಿಲ್ಲ. ನೋಡಿದ ಮೇಲೆ ಮಿಕ್ಕ ಮಾತು.

ಅಕ್ಕ

*

ನಂಜನಗೂಡು
14 ಮಾರ್ಚ್ 2025

ಅಕ್ಕ,

ನಿನ್ನೆ ನಿನ್ನ ಎದುರಿಗೆ ಹೇಳಲಾಗದ ಎರಡು ವಿಷಯ ಬರೆಯುತ್ತಿದ್ದೇನೆ.

ಒಂದು. ಮಂಗಳವಾರ ಮೈಸೂರಿಗೆ ಹೋಗಿ ಆ ಡಾಕ್ಟರನ್ನು ನೋಡಿದೆ. ನಿನ್ನ ಕೇಸ್ ಶೀಟಿನಲ್ಲಿ ರೋಗಿ ಸ್ವಂತವಾಗಿ ಮಾಡಿಕೊಂಡದ್ದು ಎಂದು ಬರೆದಿದೆಯಲ್ಲ, ಅದು ಸುಳ್ಳು, ಹೇಳಿಕೊಟ್ಟವನು ನಾನು ಎಂದೆ. ಅವರಿಗೆ ನಾವು ನೆನಪೇ ಇರಲಿಲ್ಲ. ಹಳೆಯ ಫೈಲು ತಿದ್ದಲು ಬರುವುದಿಲ್ಲ ಅಂದರು. ಆಮೇಲೆ ನನ್ನ ಮುಖ ನೋಡಿ, "ಔಷಧಿ ಅಂಗಡಿ ಇಟ್ಟಿದ್ದೀನಿ ಅಂತೀರಿ. ಇನ್ನು ಮೇಲೆ ಕೇಳಿ ಕೊಡ್ತೀರ ತಾನೇ?" ಅಂದರು. ಹೂಂ ಅಂದೆ.

ನಿನ್ನ ಪಾದವನ್ನು ನೋಡಿದಾಗ ನಾನು ಯಾಕೆ ಮಾತಾಡಲಿಲ್ಲ ಎಂದು ನೀನು ಕೇಳಿದೆ. ಎಂಟು ತಿಂಗಳಿಂದ ಕಣ್ಣು ಮುಚ್ಚಿದರೆ ಬರುತ್ತಿದ್ದ ಗಾಯ ಅದಕ್ಕಿಂತ ದೊಡ್ಡದಾಗಿತ್ತು, ಅಕ್ಕ. ನಿಜವಾದ ಗಾಯ ಚಿಕ್ಕದು, ನಿಜವಾದ ಪಾದ ನಿನ್ನದು. ಅದನ್ನು ನೋಡಲು ಇಷ್ಟು ದಿನ ಬೇಕಾಯಿತಲ್ಲ ಎಂದು ನಾಚಿಕೆಯಾಯಿತು.

ಎರಡನೆಯದು ನಿನಗೆ ಗೊತ್ತಿಲ್ಲ. ಪಲ್ಲವಿ ಊಟಕ್ಕೆ ಬಡಿಸಿದಳು, ಒಂದು ಮಾತೂ ಆಡಲಿಲ್ಲ, ಅದನ್ನು ನೀನೂ ನೋಡಿದೆ. ನಾನು ಬಸ್ ಸ್ಟ್ಯಾಂಡಿನಲ್ಲಿ ಕೂತಿದ್ದಾಗ ಸ್ಕೂಟರಿನಲ್ಲಿ ಬಂದಳು. ನಾನು ಏನೋ ಮರೆತು ಬಂದಿದ್ದೇನೆ ಅಂದುಕೊಂಡೆ. ಸ್ಕೂಟರ್ ಆಫ್ ಮಾಡದೆ, ಹೆಲ್ಮೆಟ್ ತೆಗೆಯದೆ, ರಸ್ತೆ ಕಡೆ ನೋಡುತ್ತಾ, "ಮಾರ್ಚ್ ಲೆಕ್ಕ ಮುಗಿಸ್ಬೇಕು, ಆಫೀಸಲ್ಲಿ ನಂಗೆ ರಜಾ ಸಿಗಲ್ಲ. ಮುಂದಿನ್ ಗುರುವಾರದ್ ಡ್ರೆಸ್ಸಿಂಗ್‌ಗೆ ಅಮ್ಮನ್ನ ನೀವೇ ಕರ್ಕೊಂಡೋಗ್ಬೇಕು" ಅಂದಳು. ಬತ್ತೀನಿ ಕಣವ್ವ ಅಂದೆ. "ಅದ್ರ ಮುಂದಿನ ವಾರಾನೂ" ಅಂದಳು. ಅದಕ್ಕೂ ಹೂಂ ಅಂದೆ. ಗಾಡಿ ತಿರುಗಿಸಿಕೊಂಡು ಹೋದಳು.

ಗುರುವಾರ ಅಂಗಡಿ ಮಧ್ಯಾಹ್ನದವರೆಗೆ ಮುಚ್ಚಿರುತ್ತದೆ ಎಂದು ಬೋರ್ಡು ಬರೆಸಿದ್ದೇನೆ. ಎಂಟೂವರೆಗೆ ನಿನ್ನ ಗೇಟಿನ ಹತ್ತಿರ ಇರುತ್ತೇನೆ.

ನಂಜುಂಡ